ಸ್ಟೈನ್‌ಬ್ಯಾಕ್: ಮೆನ್ನೊನೈಟರು ಕಟ್ಟಿದ ಊರಿನ ಮತ, ಭಾಷೆ ಮತ್ತು ವಲಸೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಓದಿಗೋ ಉದ್ಯೋಗಕ್ಕೋ ಕೆನಡಾದ ಮ್ಯಾನಿಟೋಬಾ ಪ್ರಾಂತ್ಯಕ್ಕೆ ಹೊರಡುವ ಕನ್ನಡಿಗರು ವಿನ್ನಿಪೆಗ್ ನಗರದ ಹೆಸರನ್ನು ಕೇಳಿಯೇ ಇರುತ್ತಾರೆ. ಅಲ್ಲಿಂದ ಒಂದು ಗಂಟೆಯೊಳಗಿನ ದಾರಿಯಲ್ಲಿರುವ ಸ್ಟೈನ್‌ಬ್ಯಾಕ್ ಬಗ್ಗೆ ಮಾತ್ರ ಅರ್ಧ ತಿಳಿವಳಿಕೆ, ಅರ್ಧ ಊಹೆಯ ಪ್ರಶ್ನೆಗಳೇ ಹೆಚ್ಚು. ಅಂಥ ಪ್ರಶ್ನೆಗಳಲ್ಲಿ ಮುಖ್ಯವಾದವನ್ನು ಆಯ್ದು ಇಲ್ಲಿ ಉತ್ತರಿಸಲಾಗಿದೆ.

ಸ್ಟೈನ್‌ಬ್ಯಾಕ್ ಎಲ್ಲಿದೆ, ಎಷ್ಟು ದೊಡ್ಡ ಊರು?

ವಿನ್ನಿಪೆಗ್‌ನಿಂದ ಆಗ್ನೇಯಕ್ಕೆ ಸುಮಾರು 60 ಕಿಲೋಮೀಟರ್ ದೂರದಲ್ಲಿ, ಸಮತಟ್ಟಾದ ಹುಲ್ಲುಗಾವಲು ಮುಗಿದು ಕುರುಚಲು ಕಾಡು ಆರಂಭವಾಗುವ ಸೀಮೆಯಲ್ಲಿದೆ. 2021ರ ಜನಗಣತಿಯ ಪ್ರಕಾರ ಇಲ್ಲಿನ ಜನಸಂಖ್ಯೆ 17,806. ನಮ್ಮ ಲೆಕ್ಕದಲ್ಲಿ ಇದು ಒಂದು ತಾಲ್ಲೂಕು ಕೇಂದ್ರಕ್ಕಿಂತ ಚಿಕ್ಕದು. ಆದರೆ ಮ್ಯಾನಿಟೋಬಾದಲ್ಲಿ ವಿನ್ನಿಪೆಗ್ ಮತ್ತು ಬ್ರ್ಯಾಂಡನ್ ಬಿಟ್ಟರೆ ಇದೇ ಮೂರನೆಯ ದೊಡ್ಡ ನಗರ. 2001ರಲ್ಲಿ ಒಂಬತ್ತು ಸಾವಿರದ ಆಸುಪಾಸಿನಲ್ಲಿದ್ದ ಜನಸಂಖ್ಯೆ ಇಪ್ಪತ್ತು ವರ್ಷಗಳಲ್ಲಿ ಹೆಚ್ಚುಕಡಿಮೆ ಇಮ್ಮಡಿಯಾಗಿದೆ ಎಂಬುದನ್ನು ನೆನಪಿನಲ್ಲಿಟ್ಟುಕೊಂಡರೆ, ಮುಂದೆ ಹೇಳುವ ಅನೇಕ ಸಂಗತಿಗಳು ತಾವಾಗಿಯೇ ಅರ್ಥವಾಗುತ್ತವೆ.

ಮೆನ್ನೊನೈಟರು ಎಂದರೆ ಯಾರು?

ಹದಿನಾರನೆಯ ಶತಮಾನದಲ್ಲಿ ಯೂರೋಪಿನ ಕ್ರೈಸ್ತರು ಕ್ಯಾಥೊಲಿಕ್ ಮತ್ತು ಪ್ರಾಟೆಸ್ಟಂಟ್ ಎಂದು ಒಡೆದಾಗ, ಆ ಎರಡೂ ಕಡೆಯವರಿಗೆ ಬೇಡವಾದ ಮೂರನೆಯ ಗುಂಪೊಂದು ಹುಟ್ಟಿತು. ಹಸುಗೂಸಿಗೆ ದೀಕ್ಷಾಸ್ನಾನ ಮಾಡಿಸುವುದರಲ್ಲಿ ಅರ್ಥವಿಲ್ಲ, ಬುದ್ಧಿ ತಿಳಿದ ಮೇಲೆ ತಾನಾಗಿ ಒಪ್ಪಿ ಪಡೆದದ್ದೇ ನಿಜವಾದ ದೀಕ್ಷೆ ಎಂಬುದು ಈ ಗುಂಪಿನವರ ನಿಲುವು. 1525ರ ಜನವರಿಯಲ್ಲಿ ಜ್ಯೂರಿಕ್ ನಗರದ ಒಂದು ಮನೆಯಲ್ಲಿ ಅವರು ಪರಸ್ಪರ ದೀಕ್ಷೆ ಕೊಟ್ಟುಕೊಂಡರು. ರಾಜ್ಯಾಧಿಕಾರಕ್ಕೂ ಧರ್ಮಸಭೆಗೂ ನಂಟು ಇರಬಾರದು, ಆಣೆ ಇಡಬಾರದು, ಆಯುಧ ಹಿಡಿಯಬಾರದು ಎಂಬ ಮಾತುಗಳೂ ಈ ನಿಲುವಿನೊಂದಿಗೆ ಸೇರಿಕೊಂಡದ್ದರಿಂದ, ಅಂದಿನ ದೊರೆಗಳ ಕಣ್ಣಿಗೆ ಇವರು ರಾಜದ್ರೋಹಿಗಳಾಗಿ ಕಂಡರು. ಸಾವಿರಾರು ಜನರನ್ನು ನೀರಿನಲ್ಲಿ ಮುಳುಗಿಸಿಯೋ ಸುಟ್ಟೋ ಕೊಲ್ಲಲಾಯಿತು. 1536ರಲ್ಲಿ ಕ್ಯಾಥೊಲಿಕ್ ಪಾದ್ರಿತನ ಬಿಟ್ಟು ಈ ಪಂಥಕ್ಕೆ ಬಂದ ಮೆನ್ನೊ ಸೈಮನ್ಸ್ ಎಂಬ ಡಚ್ ನಾಯಕನ ಹೆಸರಿನಿಂದ ಅನುಯಾಯಿಗಳಿಗೆ ಮೆನ್ನೊನೈಟರೆಂದು ಹೆಸರಾಯಿತು.

ಇದು ಮತವೋ, ಜಾತಿಯೋ?

ಕನ್ನಡಿಗರು ಕೇಳುವ ಪ್ರಶ್ನೆಗಳಲ್ಲಿ ಅತ್ಯಂತ ಒಳ್ಳೆಯದು ಇದೇ ಎಂದು ನನ್ನ ಅಭಿಪ್ರಾಯ, ಏಕೆಂದರೆ ಮೆನ್ನೊನೈಟರೇ ಇದರ ಬಗ್ಗೆ ಒಮ್ಮತಕ್ಕೆ ಬಂದಿಲ್ಲ. ಸಿದ್ಧಾಂತದ ಪ್ರಕಾರ ಹುಟ್ಟಿನಿಂದ ಯಾರೂ ಮೆನ್ನೊನೈಟರಾಗುವಂತಿಲ್ಲ. ವ್ಯವಹಾರದಲ್ಲಿ ಆದದ್ದು ಬೇರೆ. ನೆದರ್‌ಲೆಂಡ್ಸ್‌ನಿಂದ ಇಂದಿನ ಪೋಲೆಂಡಿನ ವಿಸ್ತುಲಾ ನದಿಯ ಮುಖಜ ಭೂಮಿಗೆ, ಅಲ್ಲಿಂದ ಇಂದಿನ ಉಕ್ರೇನಿಗೆ, ಅಲ್ಲಿಂದ ಕೆನಡಾಕ್ಕೆ ಗುಂಪಾಗಿ ವಲಸೆ ಹೋಗುತ್ತ, ತಮ್ಮೊಳಗೇ ಮದುವೆಯಾಗುತ್ತ, ಪ್ಲಾಟ್‌ಡೀಚ್ ಎಂಬ ಕೆಳಜರ್ಮನ್ ಮನೆಮಾತನ್ನು ಆಡುತ್ತ ಮೂರು ನಾಲ್ಕು ಶತಮಾನ ಕಳೆದವರು ಒಂದು ಜನಾಂಗವೇ ಆಗಿಬಿಟ್ಟರು. ರೈಮರ್, ಫ್ರೀಸನ್, ಪೆನ್ನರ್, ಲೋವೆನ್, ಟೇವ್ಸ್ ಮುಂತಾದ ಮನೆತನದ ಹೆಸರುಗಳನ್ನು ಕೇಳಿದೊಡನೆ ಸ್ಟೈನ್‌ಬ್ಯಾಕ್‌ನ ಹಿರಿಯರು ನಿಮ್ಮಜ್ಜ ಯಾರು, ಯಾವ ಹಳ್ಳಿಯವರು ಎಂದು ವಿಚಾರಿಸಿ ನಂಟು ಹುಡುಕುವುದನ್ನು ನೋಡಿದರೆ, ಧಾರವಾಡದ ಬಸ್ಸಿನಲ್ಲೋ ಶಿರಸಿಯ ಮದುವೆಮನೆಯಲ್ಲೋ ಕುಳಿತವರಿಗೆ ಹೊಸದೇನೂ ಅನ್ನಿಸಲಾರದು.

ಇದರಿಂದ ಎರಡು ವಿಚಿತ್ರಗಳು ಹುಟ್ಟಿಕೊಂಡಿವೆ. ಚರ್ಚಿಗೆ ಕಾಲಿಡದೆ ದಶಕಗಳಾದವರೂ ತಾವು ಮೆನ್ನೊನೈಟರೆಂದೇ ಹೇಳಿಕೊಳ್ಳುತ್ತಾರೆ. ಇನ್ನೊಂದೆಡೆ, ಮೆನ್ನೊನೈಟ್ ಚರ್ಚಿನಲ್ಲಿ ಶ್ರದ್ಧೆಯಿಂದ ದೀಕ್ಷೆ ಪಡೆದ ಲಾವೋಸ್ ಅಥವಾ ಫಿಲಿಪೀನ್ಸ್ ಮೂಲದವರು 'ನಿಜವಾದ' ಮೆನ್ನೊನೈಟರೇ ಎಂಬ ಪ್ರಶ್ನೆಯನ್ನು, ಬಾಯಿಬಿಟ್ಟು ಯಾರೂ ಕೇಳದಿದ್ದರೂ, ಎದುರಿಸಬೇಕಾಗುತ್ತದೆ. ಜಗತ್ತಿನ ಲೆಕ್ಕ ನೋಡಿದರೆ ಈ ಪ್ರಶ್ನೆಗೆ ಬುಡವೇ ಇಲ್ಲ: ಇಂದು ಈ ಪಂಥದವರು ಅತಿ ಹೆಚ್ಚಿರುವ ದೇಶಗಳ ಸಾಲಿನಲ್ಲಿ ಇಥಿಯೋಪಿಯಾ, ಕಾಂಗೋ ಮತ್ತು ಭಾರತ ಸೇರಿವೆ.

ಅವರು ಮ್ಯಾನಿಟೋಬಾಕ್ಕೆ ಬಂದದ್ದೇಕೆ?

ರಷ್ಯಾದ ರಾಣಿ ಕ್ಯಾಥರೀನ್ 1763ರಲ್ಲಿ ವಿದೇಶಿ ಬೇಸಾಯಗಾರರಿಗೆ ಆಹ್ವಾನ ಕೊಟ್ಟಿದ್ದಳು. ಅದನ್ನು ನಂಬಿ ಕಪ್ಪು ಸಮುದ್ರದ ಉತ್ತರದ ಬಯಲಿನಲ್ಲಿ ನೆಲೆಸಿದ ಮೆನ್ನೊನೈಟರಿಗೆ ಸೈನ್ಯಸೇವೆಯಿಂದ ವಿನಾಯಿತಿ, ತಮ್ಮದೇ ಶಾಲೆ, ತಮ್ಮದೇ ಗ್ರಾಮಾಡಳಿತ ದೊರೆತಿದ್ದವು. 1870ರ ದಶಕದಲ್ಲಿ ಎರಡನೆಯ ಅಲೆಗ್ಸಾಂಡರನ ಸರ್ಕಾರ ಈ ಸವಲತ್ತುಗಳನ್ನು ಹಿಂತೆಗೆದುಕೊಳ್ಳಲು ಹೊರಟಾಗ, 1873ರಲ್ಲಿ ಹನ್ನೆರಡು ಪ್ರತಿನಿಧಿಗಳು ಅಮೆರಿಕ ಖಂಡಕ್ಕೆ ಬಂದು ಜಾಗ ನೋಡಿದರು. ಅಮೆರಿಕ ಸಂಯುಕ್ತ ಸಂಸ್ಥಾನದ ಭೂಮಿ ಹೆಚ್ಚು ಫಲವತ್ತಾಗಿತ್ತು. ಆದರೆ ಸೈನ್ಯಸೇವೆಯ ವಿನಾಯಿತಿಯನ್ನು ಬರಹದಲ್ಲಿ ಕೊಟ್ಟದ್ದು ಕೆನಡಾ. 1873ರ ಜುಲೈನಲ್ಲಿ ಕೆನಡಾದ ಕೃಷಿ ಇಲಾಖೆಯ ಕಾರ್ಯದರ್ಶಿ ಜಾನ್ ಲೋ ಬರೆದ ಪತ್ರದಲ್ಲಿ ಆ ವಿನಾಯಿತಿಯೊಂದಿಗೆ ಮತಸ್ವಾತಂತ್ರ್ಯ ಮತ್ತು ತಮ್ಮ ಶಾಲೆಗಳನ್ನು ತಾವೇ ನಡೆಸುವ ಹಕ್ಕಿನ ಭರವಸೆಯೂ ಇತ್ತು. 1874ರಿಂದ 1880ರೊಳಗೆ ಸುಮಾರು 7,000 ಮಂದಿ ಮ್ಯಾನಿಟೋಬಾಕ್ಕೆ ಬಂದರು. ಅವರಲ್ಲಿ 18 ಕುಟುಂಬಗಳು 1874ರಲ್ಲಿ ಸ್ಟೈನ್‌ಬ್ಯಾಕ್ ಹಳ್ಳಿಯನ್ನು ಕಟ್ಟಿದವು.

ಆಗ ಅಲ್ಲಿ ಯಾರೂ ಇರಲಿಲ್ಲವೆ?

ಇದ್ದರು. ಆ ನೆಲ ಅನಿಶಿನಾಬೆ ಮತ್ತು ಕ್ರೀ ಮೂಲನಿವಾಸಿಗಳದು, ಮತ್ತು ಮೂಲನಿವಾಸಿ–ಯೂರೋಪಿಯನ್ ಮಿಶ್ರ ಮೂಲದ ಮೇಟಿ ಜನರದು. 1871ರ ಆಗಸ್ಟ್‌ನಲ್ಲಿ ಸರ್ಕಾರ ಮೂಲನಿವಾಸಿಗಳೊಡನೆ ಮಾಡಿಕೊಂಡ ಮೊದಲನೆಯ ಒಪ್ಪಂದದ ಮೂಲಕವೇ ವಲಸಿಗರಿಗೆ ಭೂಮಿ ಹಂಚುವ ದಾರಿ ತೆರೆಯಿತು. ಪಕ್ಕದ ಸೇಂಟ್ ಆನ್ ಹಳ್ಳಿಯಲ್ಲಿ ಫ್ರೆಂಚ್ ಮಾತಾಡುವ ಮೇಟಿ ಕ್ಯಾಥೊಲಿಕರು ಆಗಲೇ ನೆಲೆಸಿದ್ದರು. ಉತ್ತರದ ಅಂಚಿನಲ್ಲಿ ಕ್ಲಿಯರ್‌ಸ್ಪ್ರಿಂಗ್ ಎಂಬ ಸ್ಕಾಟಿಷ್ ಮೂಲದ ಪ್ರಾಟೆಸ್ಟಂಟರ ವಸತಿಯಿತ್ತು. ಆ ಹೆಸರು ಇಂದು ಊರಿನ ದೊಡ್ಡ ಮಾಲ್ ಒಂದಕ್ಕೆ ಉಳಿದುಕೊಂಡಿದೆ. ಮುಂದೆ ಉಕ್ರೇನಿಯನ್ನರೂ ಸುತ್ತಮುತ್ತ ಹಳ್ಳಿ ಕಟ್ಟಿದರು. ಖಾಲಿ ಹುಲ್ಲುಗಾವಲಿಗೆ ಬಂದು ಬೆವರು ಸುರಿಸಿ ನಾಡು ಕಟ್ಟಿದೆವು ಎಂಬ ಹಳೆಯ ಕಥನ ಮೆನ್ನೊನೈಟರಲ್ಲಿ ಬಹುಕಾಲ ನಡೆಯಿತು. ಬೆವರಿನ ಮಾತು ನಿಜ, ಖಾಲಿಯ ಮಾತು ನಿಜವಲ್ಲ.

ಎಲ್ಲರೂ ಮೆನ್ನೊನೈಟರೇ ಆಗಿದ್ದ ಕಾಲದಲ್ಲಿ ವೈವಿಧ್ಯವೆಂಬುದು ಇತ್ತೆ?

ಹೊರಗಿನವರಿಗೆ ಕಾಣದಷ್ಟು ಒಳಗೆ ಇತ್ತು. ಸ್ಟೈನ್‌ಬ್ಯಾಕ್ ಸ್ಥಾಪಿಸಿದವರು ಕ್ಲೈನೆ ಗೆಮೈಂಡೆ ಎಂಬ ಸಣ್ಣ, ಕಟ್ಟುನಿಟ್ಟಿನ ಪಂಗಡದವರು. ಮೆನ್ನೊನೈಟರ ಮುಖ್ಯಸಭೆ ಶಿಸ್ತು ಕಳೆದುಕೊಂಡಿದೆ ಎಂದು 1812ರ ಸುಮಾರಿಗೆ ಕ್ಲಾಸ್ ರೈಮರ್ ಎಂಬ ಬೋಧಕರ ನಾಯಕತ್ವದಲ್ಲಿ ಇಂದಿನ ಉಕ್ರೇನಿನ ಮೊಲೊಚ್ನಾ ಸೀಮೆಯಲ್ಲಿ ಬೇರೆಯಾದವರು. ಮ್ಯಾನಿಟೋಬಾಕ್ಕೆ ಬಂದು ಹತ್ತು ವರ್ಷ ತುಂಬುವ ಮೊದಲೇ, 1882ರಲ್ಲಿ, ಜಾನ್ ಹೋಲ್ಡಮನ್ ಎಂಬ ಅಮೆರಿಕನ್ ಸುಧಾರಕರ ಬೋಧನೆಗೆ ಓಗೊಟ್ಟು ಒಂದು ದೊಡ್ಡ ಭಾಗ ಅವರ ಕಡೆಗೆ ಹೋಯಿತು. ಅನಂತರ ಬ್ರೂಡರ್‌ಥಾಲರ್ ಎಂಬ ಇನ್ನೊಂದು ಮೆನ್ನೊನೈಟ್ ಪಂಗಡದವರು ಬಂದರು, ಖೋರ್ಟಿಟ್ಸರ್ ಎಂಬ ಮತ್ತೊಂದು ಪಂಗಡದ ಹಳ್ಳಿಗಳವರು ಊರಿಗೆ ಬಂದು ಸೇರಿದರು. 1920ರ ದಶಕದಲ್ಲಿ ಕ್ರಾಂತಿ ಮತ್ತು ಕ್ಷಾಮದಿಂದ ತಪ್ಪಿಸಿಕೊಂಡು ಬಂದ ಎರಡನೆಯ ಅಲೆಯ ಮೆನ್ನೊನೈಟರು ಹೆಚ್ಚು ಓದಿದವರು, ಸಂಗೀತ ಬಲ್ಲವರು. ಹಳಬರು ಅವರನ್ನು 'ರಷ್ಯಾದವರು' ಎಂದರು, ಅವರು ಹಳಬರನ್ನು 'ಕೆನಡಾದವರು' ಎಂದು ಸ್ವಲ್ಪ ಕೆಳಗಣ್ಣಿನಿಂದಲೇ ನೋಡಿದರು. ಅಜ್ಜಂದಿರ ಕಾಲದಲ್ಲಿ ಒಂದೇ ಬಯಲಿನಲ್ಲಿ ಉತ್ತವರು ಇಲ್ಲಿ ಒಬ್ಬರ ಮನೆಗೆ ಇನ್ನೊಬ್ಬರು ಹೆಣ್ಣು ಕೊಡಲು ಹಿಂದೆಮುಂದೆ ನೋಡುತ್ತಿದ್ದರು.

ಕ್ಲೈನೆ ಗೆಮೈಂಡೆ ಸಭೆಯೇ ಕಾಲಕ್ರಮದಲ್ಲಿ ಬದಲಾಗಿ ಇವ್ಯಾಂಜೆಲಿಕಲ್ ಮೆನ್ನೊನೈಟ್ ಎಂಬ ಹೆಸರು ತಳೆಯಿತು; ಆ ಬದಲಾವಣೆ ಒಪ್ಪದ ಕೆಲವರು 1948ರಲ್ಲಿ ಮೆಕ್ಸಿಕೋಗೆ ಹೊರಟುಹೋದರು. ಇಂದು ಮುಖ್ಯರಸ್ತೆಯಲ್ಲಿ ಸಾಲಾಗಿ ಕಾಣುವ ಚರ್ಚುಗಳ ಹಿಂದೆ ಇಂಥ ಒಂದೊಂದು ಜಗಳ, ಒಂದೊಂದು ರಾಜಿಯ ಚರಿತ್ರೆ ಇದೆ.

ಕೆನಡಾ ಕೊಟ್ಟ ಮಾತಿಗೆ ತಪ್ಪಲಿಲ್ಲವೆ?

ಶಾಲೆಯ ವಿಷಯದಲ್ಲಿ ತಪ್ಪಿತು, ಅಥವಾ ಮೆನ್ನೊನೈಟರು ಹಾಗೆ ಭಾವಿಸಿದರು. ಶಿಕ್ಷಣ ಪ್ರಾಂತ್ಯದ ಅಧಿಕಾರಕ್ಕೆ ಸೇರಿದ್ದಾದ್ದರಿಂದ ಒಟ್ಟಾವಾದ ಅಧಿಕಾರಿಗೆ ಅಂಥ ಮಾತು ಕೊಡುವ ಹಕ್ಕೇ ಇರಲಿಲ್ಲ ಎಂಬುದು ಸರ್ಕಾರದ ವಾದವಾಯಿತು. ಮೊದಲ ಮಹಾಯುದ್ಧದ ಕಾವಿನಲ್ಲಿ, 1916ರಲ್ಲಿ, ಮ್ಯಾನಿಟೋಬಾ ಸರ್ಕಾರ ದ್ವಿಭಾಷಾ ಶಿಕ್ಷಣವನ್ನು ರದ್ದುಗೊಳಿಸಿ ಇಂಗ್ಲಿಷನ್ನು ಕಡ್ಡಾಯ ಮಾಡಿತು. ಜರ್ಮನ್ ಭಾಷೆ ಬಿಟ್ಟರೆ ಮತವೂ ಹೋಗುತ್ತದೆಂದು ನಂಬಿದ ಸಂಪ್ರದಾಯಸ್ಥರು ಮಕ್ಕಳನ್ನು ಸರ್ಕಾರಿ ಶಾಲೆಗೆ ಕಳಿಸದೆ ದಂಡ ಕಟ್ಟಿದರು, ನ್ಯಾಯಾಲಯದಲ್ಲಿ ಸೋತರು. ಕೊನೆಗೆ 1922ರಿಂದ ಸಾವಿರಾರು ಮಂದಿ ಮೆಕ್ಸಿಕೋಗೆ, 1926ರಿಂದ ಇನ್ನಷ್ಟು ಮಂದಿ ಪರಾಗ್ವೆಗೆ ಗಂಟುಮೂಟೆ ಕಟ್ಟಿದರು.

ಇದಕ್ಕಿಂತ ಕಡಿಮೆ ಜನರಿಗೆ ಗೊತ್ತಿರುವ ಸಂಗತಿ ಇನ್ನೊಂದಿದೆ. 1919ರ ಜೂನ್‌ನಲ್ಲಿ ಕೆನಡಾ ಸರ್ಕಾರ ಮೆನ್ನೊನೈಟರು ಮತ್ತು ಅವರಂತೆಯೇ ಆಯುಧ ಹಿಡಿಯದ ಹಟರೈಟ್, ಡೂಖೋಬೋರ್ ಪಂಥಗಳವರು ದೇಶದೊಳಗೆ ವಲಸೆ ಬರುವುದನ್ನೇ ನಿಷೇಧಿಸಿತು. ಅವರ ವಿಚಿತ್ರ ರೀತಿನೀತಿಗಳಿಂದಾಗಿ ಅವರು ಎಂದಿಗೂ ಕೆನಡಾದ ಸಮಾಜದಲ್ಲಿ ಬೆರೆಯಲಾರರು ಎಂಬುದೇ ಕೊಟ್ಟ ಕಾರಣ. ಮೆನ್ನೊನೈಟರ ಮೇಲಿನ ನಿಷೇಧ 1922ರಲ್ಲಿ ತೆರವಾಯಿತು. ಇಂದು ಸ್ಟೈನ್‌ಬ್ಯಾಕ್‌ನಲ್ಲಿ ಯಾರಾದರೂ ಹೊಸ ವಲಸಿಗರ ಬಗ್ಗೆ ಇದೇ ಮಾತು ಆಡಿದಾಗ, ಊರಿನ ಇತಿಹಾಸ ಬಲ್ಲವರು ಈ ಆದೇಶವನ್ನು ನೆನಪಿಸುವುದು ಸಹಜವಾಗಿಯೇ ಇದೆ.

ಅವರು ಈಗಲೂ ಕುದುರೆಗಾಡಿಯಲ್ಲಿ ಓಡಾಡುತ್ತಾರೆಯೆ?

ಇಲ್ಲ. ಕುದುರೆಗಾಡಿಯ ಚಿತ್ರ 1693ರಲ್ಲಿ ಇದೇ ಮೂಲದಿಂದ ಬೇರೆಯಾದ ಆಮಿಷ್ (Amish) ಎಂಬ ಪಂಥದವರದು. ಸ್ಟೈನ್‌ಬ್ಯಾಕ್ ತನ್ನನ್ನು ಕರೆದುಕೊಳ್ಳುವುದೇ 'ಆಟೊಮೊಬೈಲ್ ನಗರ' ಎಂದು. ಇಲ್ಲಿಗೆ ರೈಲು ಬರಲೇ ಇಲ್ಲ. ಹತ್ತಿರದ ನಿಲ್ದಾಣ ಪಕ್ಕದ ಹಳ್ಳಿಯಲ್ಲಿತ್ತು. ಹೀಗಾಗಿ ವ್ಯಾಪಾರಿಗಳು ಮೋಟಾರು ವಾಹನಗಳ ಬೆನ್ನು ಹತ್ತಿದರು, 1914ರ ವೇಳೆಗೆ ಫೋರ್ಡ್ ಕಾರುಗಳ ಮಾರಾಟ ಆರಂಭವಾಯಿತು. ಕಾರು ಲೌಕಿಕ ಅಹಂಕಾರದ ಕುರುಹು ಎಂದು ಸಭೆಯ ಹಿರಿಯರು ಗೊಣಗಿದರು. ಊರು ಮಾತ್ರ ಕಾರು ಮಾರಿಯೇ ಬೆಳೆಯಿತು. ಅಂಗಡಿಗಳಲ್ಲಿ ಕಪ್ಪು ಶಿರೋವಸ್ತ್ರ ತೊಟ್ಟ ಹೋಲ್ಡಮನ್ ಪಂಗಡದ ಹೆಂಗಸರು, ಗಡ್ಡ ಬಿಟ್ಟ ಗಂಡಸರು, ಸಾಮೂಹಿಕ ಆಸ್ತಿಯ ವಸಾಹತುಗಳಲ್ಲಿ ಬದುಕುವ ಹಟರೈಟರು ಕಾಣಸಿಗುವುದುಂಟು. ಅವರನ್ನು ಬಿಟ್ಟರೆ ಮೆನ್ನೊನೈಟರನ್ನು ಉಡುಪಿನಿಂದ ಗುರುತಿಸಲಾಗದು.

ಊರಿನಲ್ಲಿ ಮದ್ಯ ನಿಷೇಧವಿದೆಯೆ?

ದಶಕಗಳ ಕಾಲ ಇತ್ತು. ಈ ಶತಮಾನದ ಆರಂಭದಿಂದ ಹಂತ ಹಂತವಾಗಿ, ಮತದಾರರ ಅಭಿಪ್ರಾಯ ಕೇಳಿಯೇ, ಸಡಿಲವಾಯಿತು.

ಹೊಸ ವಲಸಿಗರು ಯಾರು, ಏಕೆ ಇಲ್ಲಿಗೇ ಬಂದರು?

1990ರ ದಶಕದ ಕೊನೆಗೆ ಸ್ಟೈನ್‌ಬ್ಯಾಕ್ ಸೀಮೆಯಲ್ಲಿ ಕಿಟಕಿ ಬಾಗಿಲು ತಯಾರಿಸುವ ಕಾರ್ಖಾನೆಗಳು, ಲಾರಿ ಸಾಗಣೆ ಕಂಪನಿಗಳು, ಹಂದಿ ಮತ್ತು ಕೋಳಿ ಸಾಕಣೆಯ ಉದ್ಯಮಗಳಿಗೆ ಕೆಲಸಗಾರರೇ ಸಾಲದಾದರು. 1998ರಲ್ಲಿ ಮ್ಯಾನಿಟೋಬಾ ತನಗೆ ಬೇಕಾದ ವಲಸಿಗರನ್ನು ತಾನೇ ಸೂಚಿಸಬಹುದಾದ ನಾಮನಿರ್ದೇಶನ ಯೋಜನೆಯನ್ನು ಆರಂಭಿಸಿದಾಗ, ಅದರ ಪೂರ್ಣ ಲಾಭ ಪಡೆದ ಊರುಗಳಲ್ಲಿ ಸ್ಟೈನ್‌ಬ್ಯಾಕ್ ಮತ್ತು ವಿಂಕ್ಲರ್ ಮುಂಚೂಣಿಯಲ್ಲಿದ್ದವು. ಮೊದಲು ಬಂದವರು ಜರ್ಮನಿಯಿಂದ. ಅವರಲ್ಲಿ ಬಹುಪಾಲು ಸೋವಿಯತ್ ಒಕ್ಕೂಟ ಕುಸಿದ ಮೇಲೆ ಕಜಾಕ್‌ಸ್ತಾನ, ಸೈಬೀರಿಯಾಗಳಿಂದ ಜರ್ಮನಿಗೆ ಮರಳಿದ್ದ ಜರ್ಮನ್ ಮೂಲದವರು, ಕೆಲವರು ಮೆನ್ನೊನೈಟ್ ಅಥವಾ ಬ್ಯಾಪ್ಟಿಸ್ಟ್ ಮನೆತನದವರೇ. ಮೆಕ್ಸಿಕೋ, ಬೊಲಿವಿಯಾ, ಪರಾಗ್ವೆಗಳಿಗೆ ಹೋದವರ ಮೊಮ್ಮಕ್ಕಳೂ ಮರಳಿ ಬಂದರು. ಹೀಗೆ ಮೊದಲ ಅಲೆಯ ವಲಸಿಗರ ಭಾಷೆ, ಹಾಡು, ಪ್ರಾರ್ಥನೆ ಸ್ಥಳೀಯರಿಗೆ ಪರಿಚಿತವಾಗಿತ್ತು, ಕೆಲವೊಮ್ಮೆ ಸ್ಥಳೀಯರಿಗಿಂತ ಅವರೇ ಹೆಚ್ಚು ಸಂಪ್ರದಾಯಸ್ಥರಾಗಿದ್ದರು.

ಅನಂತರ ಫಿಲಿಪೀನ್ಸ್‌ನವರು ಬಂದರು. ಅವರಲ್ಲಿ ಹೆಚ್ಚಿನವರು ಕ್ಯಾಥೊಲಿಕರು. ಐದು ಶತಮಾನಗಳ ಹಿಂದೆ ಯಾವ ಮತವನ್ನು ಬಿಟ್ಟು ಓಡಿದ್ದರೋ ಅದೇ ಮತದವರು ಈಗ ಪಕ್ಕದ ಮನೆಗೆ ಬಂದದ್ದನ್ನು ಮೆನ್ನೊನೈಟರು ಗದ್ದಲವಿಲ್ಲದೆ ಒಪ್ಪಿಕೊಂಡರು. ಆಫ್ರಿಕಾ ಮತ್ತು ದಕ್ಷಿಣ ಏಷ್ಯಾದವರು ಸೇರಿಕೊಂಡರು. 2022ರ ಯುದ್ಧದ ಬಳಿಕ ಮ್ಯಾನಿಟೋಬಾಕ್ಕೆ ಬಂದ ಉಕ್ರೇನಿಯನ್ನರಲ್ಲಿ ಕೆಲವರು ಇಲ್ಲಿಯೂ ನೆಲೆಸಿದ್ದಾರೆ; ಮೆನ್ನೊನೈಟರ ಪೂರ್ವಿಕರು ಉತ್ತ ಮೊಲೊಚ್ನಾ ಸೀಮೆ ಅದೇ ಯುದ್ಧದಲ್ಲಿ ಜಾಪೊರೀಷ್ಯಾ ಪ್ರಾಂತ್ಯದಲ್ಲಿ ರಷ್ಯಾ ಆಕ್ರಮಿಸಿದ ಭಾಗದಲ್ಲಿದೆ.

ಈ ತೆರೆದ ಬಾಗಿಲಿಗೆ ಧರ್ಮಬುದ್ಧಿಯೇ ಕಾರಣವೆಂದು ಊರಿನ ಅಭಿಮಾನಿಗಳು ಹೇಳುತ್ತಾರೆ. ಕೂಲಿಕಾರರ ಕೊರತೆಯ ಪಾತ್ರ ಅದಕ್ಕಿಂತ ದೊಡ್ಡದೆಂದು ನನಗನ್ನಿಸುತ್ತದೆ; ಆದರೆ ಬಂದವರಿಗೆ ಮನೆ ಹುಡುಕಿಕೊಡುವುದು, ಚಳಿಗಾಲದ ಕೋಟು ಒದಗಿಸುವುದು, ಇಂಗ್ಲಿಷ್ ಕಲಿಸುವುದು ಇವೆಲ್ಲ ಕಾರ್ಖಾನೆಗಳಿಂದ ಆಗುವ ಕೆಲಸಗಳಲ್ಲ, ಅಲ್ಲಿ ಚರ್ಚುಗಳ ಸ್ವಯಂಸೇವಕರನ್ನು ಮರೆಯುವಂತಿಲ್ಲ.

ನಿರಾಶ್ರಿತರ ವಿಷಯದಲ್ಲಿ ಮೆನ್ನೊನೈಟರ ಹೆಸರು ಏಕೆ ಬರುತ್ತದೆ?

1920ರಲ್ಲಿ ಉಕ್ರೇನಿನಲ್ಲಿ ಹಸಿವಿನಿಂದ ಸಾಯುತ್ತಿದ್ದ ತಮ್ಮವರಿಗೆ ಅನ್ನ ಕಳಿಸಲು ಉತ್ತರ ಅಮೆರಿಕದ ಮೆನ್ನೊನೈಟರು ಮೆನ್ನೊನೈಟ್ ಸೆಂಟ್ರಲ್ ಕಮಿಟಿಯನ್ನು ಕಟ್ಟಿದರು. ಆ ಸಂಸ್ಥೆ ಕ್ರಮೇಣ ಯಾವ ಮತದವರಿಗಾದರೂ ನೆರವಾಗತೊಡಗಿತು. 1979ರ ಮಾರ್ಚ್‌ನಲ್ಲಿ, ವಿಯೆಟ್ನಾಂ, ಲಾವೋಸ್, ಕಾಂಬೋಡಿಯಾಗಳಿಂದ ಜನ ಓಡಿಬರುತ್ತಿದ್ದಾಗ, ನಿರಾಶ್ರಿತರನ್ನು ಖಾಸಗಿಯಾಗಿ ಕರೆಸಿಕೊಳ್ಳುವ ಒಪ್ಪಂದಕ್ಕೆ ಕೆನಡಾ ಸರ್ಕಾರದೊಡನೆ ಸಹಿ ಹಾಕಿದ ಮೊದಲ ಸಂಸ್ಥೆ ಅದರ ಕೆನಡಾ ಶಾಖೆ. ಒಂದು ಸಭೆ ಅಥವಾ ನಾಗರಿಕರ ಗುಂಪು ಕುಟುಂಬವೊಂದನ್ನು ಕರೆಸಿಕೊಂಡು ಸಾಮಾನ್ಯವಾಗಿ ಒಂದು ವರ್ಷ ಅದರ ಖರ್ಚುವೆಚ್ಚ ಹೊರುವ ಈ ಪದ್ಧತಿಯಿಂದ ಈವರೆಗೆ 3 ಲಕ್ಷಕ್ಕೂ ಹೆಚ್ಚು ಮಂದಿ ಕೆನಡಾಕ್ಕೆ ಬಂದಿದ್ದಾರೆ. ಸಿರಿಯಾದ ಯುದ್ಧದ ಸಮಯದಲ್ಲಿ ದಕ್ಷಿಣ ಮ್ಯಾನಿಟೋಬಾದ ಆಲ್ಟೋನಾದಂಥ ಪುಟ್ಟ ಊರುಗಳೂ ಮುಸ್ಲಿಂ ಕುಟುಂಬಗಳನ್ನು ಹೀಗೆ ಬರಮಾಡಿಕೊಂಡವು.

ಹಿಂದೂ, ಸಿಖ್, ಮುಸ್ಲಿಂ ಕುಟುಂಬಗಳು ಅಲ್ಲಿ ಹೇಗಿರುತ್ತವೆ? ಮತಾಂತರದ ಒತ್ತಡವಿದೆಯೆ?

ಮತಸ್ವಾತಂತ್ರ್ಯಕ್ಕೆ 1982ರ ಹಕ್ಕುಗಳ ಸನ್ನದಿನ ರಕ್ಷಣೆ ಇದೆ. ದೇವಾಲಯ, ಗುರುದ್ವಾರ, ಮಸೀದಿಗಳ ದೊಡ್ಡ ಸಮುದಾಯಗಳಿರುವುದು ವಿನ್ನಿಪೆಗ್‌ನಲ್ಲಿ. ಹಬ್ಬಕ್ಕೋ ಮಸಾಲೆ ಸಾಮಾನಿಗೋ ಅಲ್ಲಿಗೆ ಹೋಗಿಬರುವುದು ಕಷ್ಟವೇನಲ್ಲ, ಹಿಮಗಾಳಿ ಬೀಸದಿದ್ದರೆ. ಒತ್ತಾಯದ ದೀಕ್ಷೆ ಮೆನ್ನೊನೈಟರ ಮೂಲ ನಂಬಿಕೆಗೇ ವಿರುದ್ಧ. ಆದರೂ ಇಲ್ಲಿನ ಸಭೆಗಳಲ್ಲಿ ಅನೇಕವು ಸುವಾರ್ತೆ ಸಾರುವುದನ್ನು ಕರ್ತವ್ಯವೆಂದು ಭಾವಿಸಿವೆ, ಹೊಸಬರನ್ನು ಭಾನುವಾರದ ಆರಾಧನೆಗೆ ಕರೆಯುತ್ತವೆ. ವಿನಯದಿಂದ ಬೇಡವೆಂದರೆ ಸಾಕು. ನಿಜವಾದ ತೊಡಕು ಸೂಕ್ಷ್ಮವಾದದ್ದು: ಪರಿಚಯ, ಗೆಳೆತನ, ಬಾಡಿಗೆ ಮನೆಯ ಸುಳಿವು, ಎಷ್ಟೋ ವೇಳೆ ಕೆಲಸದ ಸುದ್ದಿ ಕೂಡ ಚರ್ಚಿನ ಅಂಗಳದಲ್ಲೇ ಹರಿದಾಡುವ ಊರಿನಲ್ಲಿ ಅಲ್ಲಿಗೆ ಹೋಗದವರು, ಯಾರೂ ದೂರವಿಡದಿದ್ದರೂ, ಸ್ವಲ್ಪ ಹೊರಗೇ ಉಳಿದುಬಿಡುತ್ತಾರೆ. ಶಾಲೆ, ಗ್ರಂಥಾಲಯ, ಐಸ್ ಹಾಕಿ ಮೈದಾನ, ಬೇಸಿಗೆಯಲ್ಲಿ ಮುಖ್ಯರಸ್ತೆಯಲ್ಲೇ ನಡೆಯುವ ಊರಹಬ್ಬ ಈ ಕೊರತೆಯನ್ನು ಕೆಲಮಟ್ಟಿಗೆ ತುಂಬುತ್ತವೆ.

ಊರಿನವರು ಒಪ್ಪದ ವಿಷಯಗಳು ಬಂದಾಗ ಏನಾಗುತ್ತದೆ?

2013ರಲ್ಲಿ ಪ್ರಾಂತ್ಯದ ಸರ್ಕಾರ ಶಾಲೆಗಳಲ್ಲಿ ಕಿರುಕುಳ ತಡೆಯಲು ತಂದ ಮಸೂದೆ, ಸಲಿಂಗಿ ವಿದ್ಯಾರ್ಥಿಗಳು ತಮ್ಮ ಬೆಂಬಲದ ಗುಂಪು ಕಟ್ಟಿಕೊಳ್ಳಲು ಬಯಸಿದರೆ ಶಾಲೆ ಅವಕಾಶ ಕೊಡಬೇಕೆಂದಿತು. ಮತಾಧಾರಿತ ಶಾಲೆಗಳ ಸ್ವಾತಂತ್ರ್ಯಕ್ಕೆ ಇದರಿಂದ ಧಕ್ಕೆ ಎಂದು ಸ್ಟೈನ್‌ಬ್ಯಾಕ್‌ನಲ್ಲಿ ಬಲವಾದ ವಿರೋಧ ಎದ್ದಿತು. ಅಲ್ಲಿ 1873ರ ಪತ್ರದ ದನಿ ಮತ್ತೆ ಕೇಳಿಸಿತು. 2016ರ ಜುಲೈನಲ್ಲಿ ಸಲಿಂಗಿಗಳು ಮತ್ತು ಅವರ ಬೆಂಬಲಿಗರು ನಡೆಸುವ ಪ್ರೈಡ್ ಮೆರವಣಿಗೆ ಊರಿನಲ್ಲಿ ಮೊದಲ ಬಾರಿಗೆ ನಡೆಯಿತು. ಸ್ಥಳೀಯ ಜನಪ್ರತಿನಿಧಿಗಳು ದೂರ ಉಳಿದ ಸುದ್ದಿಯೇ ಅದಕ್ಕೆ ಪ್ರಚಾರವಾಗಿ, ಇನ್ನೂರರಷ್ಟು ಜನ ಬಂದಾರೆಂದುಕೊಂಡಿದ್ದ ಕಡೆ ಕೆಲವು ಸಾವಿರ ಮಂದಿ ಸೇರಿದರು. ಅವರಲ್ಲಿ ಅನೇಕರು ವಿನ್ನಿಪೆಗ್‌ನಿಂದ ಬಂದವರು ನಿಜ. ಆದರೆ ಊರಿನದೇ ಮೆನ್ನೊನೈಟ್ ಕುಟುಂಬಗಳವರೂ, ಊರು ಬಿಟ್ಟುಹೋಗಿ ಆ ದಿನಕ್ಕೆಂದು ಮರಳಿದವರೂ ಇದ್ದರು. ಅಲ್ಪಸಂಖ್ಯಾತರಾಗಿ ವಿನಾಯಿತಿ ಕೇಳುವ ಅಭ್ಯಾಸ ಮೆನ್ನೊನೈಟರಿಗೆ ಐನೂರು ವರ್ಷಗಳದು. ಬಹುಸಂಖ್ಯಾತರಾಗಿ ಇನ್ನೊಬ್ಬರಿಗೆ ಜಾಗ ಬಿಡುವ ಅಭ್ಯಾಸ ತೀರ ಇತ್ತೀಚಿನದು. ಈ ಊರಿನ ಬಹುತೇಕ ತಿಕ್ಕಾಟಗಳನ್ನು ನಾನು ಹೀಗೆಯೇ ಅರ್ಥ ಮಾಡಿಕೊಂಡಿದ್ದೇನೆ.

ಸಸ್ಯಾಹಾರಿಗಳಿಗೆ ಅಲ್ಲಿ ಏನು ಸಿಗುತ್ತದೆ?

ಮೆನ್ನೊನೈಟ್ ಅಡುಗೆಯಲ್ಲಿ ಹೊಗೆಯಾಡಿಸಿದ ಹಂದಿಮಾಂಸದ ಸಾಸೇಜಿಗೆ ದೊಡ್ಡ ಸ್ಥಾನ. ಆದರೆ ವೆರೆನಿಕೆ ಎಂಬ ತಿನಿಸು ಇದೆ: ಗೋಧಿಹಿಟ್ಟಿನ ಹಾಳೆಯೊಳಗೆ ಒಡೆದ ಹಾಲಿನ ಗಿಣ್ಣು ತುಂಬಿ ನೀರಿನಲ್ಲಿ ಬೇಯಿಸಿದ, ನಮ್ಮ ಕಡುಬಿನ ಹತ್ತಿರದ ಬಂಧು. ಅದರ ಮೇಲೆ ಸುರಿಯುವ ಕೆನೆಯ ಗೊಜ್ಜಿಗೆ ಮಾಂಸದ ಕೊಬ್ಬು ಸೇರಿಸುವ ರೂಢಿಯೂ ಇರುವುದರಿಂದ ಕೇಳಿ ತಿನ್ನುವುದು ಒಳ್ಳೆಯದು. ಬೇಸಿಗೆಯಲ್ಲಿ ರೋಲ್‌ಕೂಕನ್ ಎಂಬ ಕರಿದ ಹಿಟ್ಟಿನ ತಿಂಡಿಯ ಜೊತೆ ಕಲ್ಲಂಗಡಿ ಹಣ್ಣು ತಿನ್ನುತ್ತಾರೆ. ಒಣಹಣ್ಣಿನ ಪಾಯಸದಂಥ ಪ್ಲೂಮೆಮೋಸ್ ಇದೆ. ಇವುಗಳಲ್ಲಿ ಹಲವು ಉಕ್ರೇನಿನ ನೆರೆಹೊರೆಯವರಿಂದ ಕಲಿತವು.

ಮೆನ್ನೊನೈಟರಿಗೂ ಕರ್ನಾಟಕಕ್ಕೂ ಸಂಬಂಧವಿದೆಯೆ? ಬಾಸೆಲ್ ಮಿಷನ್ ಅವರದೇ?

ಬಾಸೆಲ್ ಮಿಷನ್ ಅವರದಲ್ಲ. 1834ರಲ್ಲಿ ಮಂಗಳೂರಿಗೆ ಬಂದ, ಮುಂದೆ ಕಿಟೆಲ್ ನಿಘಂಟನ್ನು ಕನ್ನಡಕ್ಕೆ ಕೊಟ್ಟ ಆ ಮಿಷನ್ ಲೂಥರನ್ ಮತ್ತು ರಿಫಾರ್ಮ್ಡ್ ಪರಂಪರೆಗೆ ಸೇರಿದ್ದು. ಮೆನ್ನೊನೈಟರು ನಮಗೆ ಹತ್ತಿರ ಬಂದದ್ದು ಪೂರ್ವದ ಗಡಿಯಲ್ಲಿ. ಇಂದಿನ ಉಕ್ರೇನಿನ ಮೆನ್ನೊನೈಟ್ ನೆಲೆಗಳಿಂದಲೇ ಹೊರಟ ಅಬ್ರಹಾಂ ಫ್ರೀಸನ್ ದಂಪತಿಗಳು 1890ರ ಹೊತ್ತಿಗೆ ನಿಜಾಮರ ರಾಜ್ಯದ ನಲ್ಗೊಂಡದಲ್ಲಿ ಕೆಲಸ ಆರಂಭಿಸಿದರು. ಅನಂತರ ಅಮೆರಿಕದ ಮೆನ್ನೊನೈಟ್ ಬ್ರೆದ್ರನ್ ಪಂಗಡದವರು ಮೆಹಬೂಬ್‌ನಗರ ಮತ್ತು ರಾಯಚೂರಿನ ಗಡಿಗೆ ಅಂಟಿಕೊಂಡ ಗದ್ವಾಲದವರೆಗೆ ಶಾಲೆ, ಆಸ್ಪತ್ರೆ, ಚರ್ಚುಗಳನ್ನು ಕಟ್ಟಿದರು. ತೆಲುಗು ಮಾತಾಡುವ ಆ ಸಭೆಗಳು ಇಂದು ಜಗತ್ತಿನ ದೊಡ್ಡ ಮೆನ್ನೊನೈಟ್ ಸಮುದಾಯಗಳಲ್ಲಿ ಒಂದು. 1997ರಲ್ಲಿ ಮೆನ್ನೊನೈಟರ ವಿಶ್ವ ಸಮ್ಮೇಳನ ನಡೆದದ್ದು ಕೋಲ್ಕತಾದಲ್ಲಿ.

ಹೊಸದಾಗಿ ಹೋದವರು ಮೊದಲು ಏನು ನೋಡಬೇಕು?

1967ರಿಂದ ಸಾರ್ವಜನಿಕರಿಗೆ ತೆರೆದಿರುವ ಮೆನ್ನೊನೈಟ್ ಹೆರಿಟೇಜ್ ವಿಲೇಜ್ ಎಂಬ ಬಯಲು ಸಂಗ್ರಹಾಲಯವನ್ನು. ಮನೆಯೂ ಕೊಟ್ಟಿಗೆಯೂ ಒಂದೇ ಸೂರಿನಡಿ ಇರುವ ಹಳೆಯ ಕಟ್ಟಡಗಳು, ಹುಲ್ಲಿನ ಹೆಂಟೆಗಳಿಂದ ಕಟ್ಟಿದ ಮೊದಲ ಚಳಿಗಾಲದ ಗುಡಿಸಲಿನ ಮಾದರಿ, ಶಾಲೆ, ಚರ್ಚು ಅಲ್ಲಿವೆ. ನಡುವೆ ನಿಂತಿರುವ ಗಾಳಿಗಿರಣಿ 1877ರಲ್ಲಿ ಊರಿನಲ್ಲಿದ್ದ ಗಿರಣಿಯ ಪ್ರತಿರೂಪ. 1972ರಲ್ಲಿ ಕಟ್ಟಿದ್ದು 2000ದಲ್ಲಿ ಬೆಂಕಿಗೆ ಆಹುತಿಯಾದಾಗ ಮರುವರ್ಷವೇ ಮತ್ತೆ ಎಬ್ಬಿಸಿದರು. ಬೇಸಿಗೆಯಲ್ಲಿ ಹೋದರೆ ಹೊರಗಿನ ಕಟ್ಟಡಗಳನ್ನೆಲ್ಲ ಸುತ್ತಬಹುದು, ಅಲ್ಲಿನ ಊಟದಮನೆಯಲ್ಲಿ ವೆರೆನಿಕೆಯೂ ಸಿಗುತ್ತದೆ.